‘ಎಲ್ಲಾ’ ಬಿದ್ದರೆ ಉಳಿಯುವುದು ‘ಕೆಲವು’: ಪ್ಯಾನೆಲ್ ಯೂನಿಟ್ ರೂಟ್ ಪರೀಕ್ಷೆಯ ಫಲಿತಾಂಶ ಓದುವುದು ಹೇಗೆ?

ಸಂಶೋಧನಾ ವಿದ್ಯಾರ್ಥಿಗಳ ಕರಡು ಓದುವಾಗ ಒಂದು ಮಾತು ನನಗೆ ಪದೇ ಪದೇ ಸಿಗುತ್ತದೆ. “ಇಮ್-ಪೆಸರನ್-ಶಿನ್ ಪರೀಕ್ಷೆಯ ಪಿ-ಮೌಲ್ಯ 0.01ಕ್ಕಿಂತ ಕಡಿಮೆ ಇದೆ. ಆದ್ದರಿಂದ ಎಲ್ಲಾ ರಾಜ್ಯಗಳ ಸರಣಿಯೂ ಸ್ಥಿರವಾಗಿದೆ.” ಹಲವು ರಾಜ್ಯಗಳ ವರ್ಷವಾರು ಡೇಟಾ ಒಟ್ಟಿಗೆ ಸೇರಿದರೆ ಅದು ಪ್ಯಾನೆಲ್. ಇಮ್-ಪೆಸರನ್-ಶಿನ್ ಅದರ ಮೇಲೆ ಮಾಡುವ ಒಂದು ಯೂನಿಟ್ ರೂಟ್ ಪರೀಕ್ಷೆ. ಪಿ-ಮೌಲ್ಯ ಸಣ್ಣದಾದಷ್ಟೂ ಪರೀಕ್ಷೆ ಶುರುವಿನಲ್ಲಿ ಇಟ್ಟುಕೊಂಡ ಊಹೆಯ ವಿರುದ್ಧ ಸಾಕ್ಷಿ ಗಟ್ಟಿ. ಮೇಲಿನ ಮಾತಿನಲ್ಲಿ ಮೊದಲ ವಾಕ್ಯ ಸರಿ. ಎರಡನೆಯದು ತಪ್ಪು. ಲೆಕ್ಕವನ್ನು ಕಂಪ್ಯೂಟರ್ ಸರಿಯಾಗಿಯೇ ಮಾಡಿರುತ್ತದೆ. ಆ ಪರೀಕ್ಷೆ ಯಾವ ಪ್ರಶ್ನೆ ಕೇಳಿತ್ತು ಅನ್ನುವುದನ್ನು ಮಾತ್ರ ನಾವು ಮರೆತಿರುತ್ತೇವೆ. ಈ ಒಂದು ಮಾತಿನ ಮೇಲೆ ಮುಂದಿನ ಅಧ್ಯಾಯಗಳೆಲ್ಲಾ ನಿಲ್ಲುತ್ತವೆ. ಹಾಗಾಗಿ ಇದನ್ನು ನಿಧಾನವಾಗಿ ಬಿಡಿಸಿ ನೋಡೋಣ.

ಉದಾಹರಣೆಗೆ ಭಾರತದ ರಾಜ್ಯಗಳ ತಲಾ ಆದಾಯ ತೆಗೆದುಕೊಳ್ಳೋಣ. ಒಂದು ರಾಜ್ಯದ ತಲಾ ಆದಾಯವನ್ನು ದೇಶದ ಸರಾಸರಿಯಿಂದ ಭಾಗಿಸಿ ಲಾಗ್ ತೆಗೆದರೆ, ಆ ರಾಜ್ಯ ದೇಶಕ್ಕಿಂತ ಎಷ್ಟು ಮುಂದಿದೆ ಅಥವಾ ಹಿಂದಿದೆ ಅನ್ನುವ ಸರಣಿ ಸಿಗುತ್ತದೆ. ಈ ಅಂತರ ಒಂದು ಮಟ್ಟಕ್ಕೆ ಮರಳಿ ಬರುತ್ತದೆಯೇ, ಅಥವಾ ಹೋದ ಕಡೆಗೇ ಹೋಗುತ್ತದೆಯೇ? ನಮಗೆ ಬೇಕಾದ ಉತ್ತರ ಇದು.

ಮೊದಲು ಒಂದೇ ಸರಣಿ

ಈ ವರ್ಷದ ಅಂತರ = ರೋ × ಹೋದ ವರ್ಷದ ಅಂತರ + ಹೊಸ ಹೊಡೆತ. ರೋ 1ಕ್ಕಿಂತ ಕಡಿಮೆ ಇದ್ದರೆ ಹೊಡೆತದ ಪರಿಣಾಮ ವರ್ಷ ಕಳೆದಂತೆ ಕರಗುತ್ತದೆ. ಅದು ಸ್ಥಿರ ಸರಣಿ. ರೋ ಸರಿಯಾಗಿ 1 ಆದರೆ ಹೊಡೆತ ಕರಗುವುದೇ ಇಲ್ಲ. ಬರಗಾಲವೋ ಕೋವಿಡ್ಡೋ ಒಂದು ರಾಜ್ಯವನ್ನು ಕೆಳಗೆ ತಳ್ಳಿದರೆ ಆ ಗುರುತು ಶಾಶ್ವತವಾಗಿ ಉಳಿಯುತ್ತದೆ. ಇದೇ ಯೂನಿಟ್ ರೂಟ್.

1979ರಲ್ಲಿ ಡಿಕಿ ಮತ್ತು ಫುಲ್ಲರ್ ಕೊಟ್ಟ ಪರೀಕ್ಷೆಯಲ್ಲಿ ಶೂನ್ಯ ಪ್ರಾಕ್ಕಲ್ಪನೆ ‘ಯೂನಿಟ್ ರೂಟ್ ಇದೆ’ ಅನ್ನುವುದು. ತರಗತಿಯಲ್ಲಿ ಇದನ್ನು ‘ನಲ್’ ಅನ್ನುತ್ತೇವೆ, ಇಲ್ಲೂ ಹಾಗೇ ಕರೆಯುತ್ತೇನೆ. ಪರ್ಯಾಯ ಪ್ರಾಕ್ಕಲ್ಪನೆ ‘ಸರಣಿ ಸ್ಥಿರ’. ಲೆಕ್ಕ ಹಾಕಿದ ಸಂಖ್ಯೆ ಎಷ್ಟು ಜಾಸ್ತಿ ಋಣಾತ್ಮಕವೋ, ನಲ್ ವಿರುದ್ಧದ ಸಾಕ್ಷಿ ಅಷ್ಟು ಗಟ್ಟಿ. ಅದು ಒಂದು ಗಡಿ ದಾಟಿದರೆ ನಲ್ ತಿರಸ್ಕೃತ, ಅಂದರೆ ‘ಬಿತ್ತು’. ಶೇ 5ರ ಗಡಿ ಅಂದರೆ, ನಲ್ ನಿಜವಾಗಿದ್ದರೆ ನೂರರಲ್ಲಿ 5 ಸಲ ಮಾತ್ರ ದಾಟುವ ಗಡಿ. ಸಮೀಕರಣದಲ್ಲಿ ಸ್ಥಿರಾಂಕ ಮಾತ್ರ ಇದ್ದರೆ ಶೇ 5ರ ಗಡಿ ದೊಡ್ಡ ಮಾದರಿಯಲ್ಲಿ −2.86. ಟ್ರೆಂಡ್, ಅಂದರೆ ವರ್ಷ ವರ್ಷವೂ ಒಂದೇ ಸಮ ಏರುವ ಅಥವಾ ಇಳಿಯುವ ಗೆರೆ, ಕೂಡ ಸೇರಿಸಿದರೆ −3.41.

ಒಂದೇ ಸರಣಿಯ ತೊಂದರೆ ಏನೆಂದರೆ, ಅದಕ್ಕೆ ಶಕ್ತಿ, ಅಂದರೆ ಸುಳ್ಳಾದ ನಲ್ಲನ್ನು ಬೀಳಿಸುವ ಸಾಮರ್ಥ್ಯ, ಕಡಿಮೆ. ರೋ 0.9 ಅಂತ ಇಟ್ಟುಕೊಳ್ಳಿ. ಹೊಡೆತದ ಅರ್ಧ ಕರಗಲು ಸುಮಾರು 6.6 ವರ್ಷ ಬೇಕು. ರೋ 0.95 ಆದರೆ 13.5 ವರ್ಷ. ನಿಮ್ಮ ಹತ್ತಿರ ಇರುವುದು 30 ವರ್ಷದ ಡೇಟಾ. ಅಷ್ಟರಲ್ಲಿ 0.95ಕ್ಕೂ 1ಕ್ಕೂ ವ್ಯತ್ಯಾಸ ಹಿಡಿಯುವುದು ಕಷ್ಟ. ಅದಕ್ಕೇ ಹಲವು ರಾಜ್ಯ, ಹಲವು ದೇಶ ಸೇರಿಸಿ ನೋಡುವ ಆಸೆ ಹುಟ್ಟಿತು. ಸೇರಿಸಿದಾಗ ಶಕ್ತಿ ಬಂತು, ನಿಜ. ಜೊತೆಗೆ ‘ಎಲ್ಲಾ’ ಮತ್ತು ‘ಕೆಲವು’ ಅನ್ನುವ ಎರಡು ಪದಗಳೂ ಬಂದವು. ಗೊಂದಲ ಹುಟ್ಟುವುದು ಇಲ್ಲೇ.

ಹೆಜ್ಜೆ 1: ಸಾಫ್ಟ್‌ವೇರ್ ತೆರೆಯುವ ಮುಂಚೆ ಎರಡೂ ಪ್ರಾಕ್ಕಲ್ಪನೆಗಳನ್ನು ಹಾಳೆಯ ಮೇಲೆ ಬರೆಯಿರಿ

ಪರೀಕ್ಷೆಯ ಹೆಸರು ಬರೆಯಿರಿ. ಅದರ ಕೆಳಗೆ ನಲ್ ಏನು, ಪರ್ಯಾಯ ಏನು ಅಂತ ಕನ್ನಡದಲ್ಲೇ ಪೂರ್ತಿ ವಾಕ್ಯವಾಗಿ ಬರೆಯಿರಿ. ‘ಎಲ್ಲಾ’, ‘ಕೆಲವು’, ‘ಕನಿಷ್ಠ ಒಂದು’ ಅನ್ನುವ ಪದಗಳ ಕೆಳಗೆ ಗೆರೆ ಎಳೆಯಿರಿ. ಈ ಹೆಜ್ಜೆ ಬಿಟ್ಟವರೇ ಮುಂದೆ ಎಡವುವುದನ್ನು ನಾನು ನೋಡಿದ್ದೇನೆ.

ಲೆವಿನ್, ಲಿನ್ ಮತ್ತು ಚು ಅವರ ಪರೀಕ್ಷೆ 2002ರದು. ಇದರ ನಲ್: ಎಲ್ಲಾ ರಾಜ್ಯಗಳಲ್ಲೂ ಯೂನಿಟ್ ರೂಟ್ ಇದೆ. ಪರ್ಯಾಯ: ಎಲ್ಲಾ ರಾಜ್ಯಗಳೂ ಸ್ಥಿರ, ಅದೂ ಎಲ್ಲಕ್ಕೂ ಒಂದೇ ರೋ. ಹ್ಯಾರಿಸ್-ತ್ಸಾವಲಿಸ್ (1999) ಮತ್ತು ಬ್ರೈಟುಂಗ್ (2000) ಪರೀಕ್ಷೆಗಳೂ ಇದೇ ಕುಟುಂಬದವು.

ಇಮ್, ಪೆಸರನ್ ಮತ್ತು ಶಿನ್ ಅವರ ಪರೀಕ್ಷೆ 2003ರದು. ನಲ್ ಅದೇ: ಎಲ್ಲದರಲ್ಲೂ ಯೂನಿಟ್ ರೂಟ್. ಪರ್ಯಾಯ ಮಾತ್ರ ಬೇರೆ: ಕೆಲವು ರಾಜ್ಯಗಳು ಸ್ಥಿರ, ಉಳಿದವು ಅಲ್ಲದೆಯೂ ಇರಬಹುದು. ಪ್ರತಿ ರಾಜ್ಯಕ್ಕೂ ತನ್ನದೇ ರೋ. ಫಿಶರ್ ಮಾದರಿಯ ಪರೀಕ್ಷೆಗಳಲ್ಲಿ, ಅಂದರೆ ಮದ್ದಾಲಾ-ವೂ (1999) ಮತ್ತು ಚೋಯ್ (2001) ಪರೀಕ್ಷೆಗಳಲ್ಲಿ, ನಲ್ ಇದೇ. ಸ್ಟಾಟಾ ಅನ್ನುವ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರ್ ತೋರಿಸುವ ಪರ್ಯಾಯ ‘ಕನಿಷ್ಠ ಒಂದು ಪ್ಯಾನೆಲ್ ಸ್ಥಿರ’.

ಹದ್ರಿ ಪರೀಕ್ಷೆ (2000) ಪೂರ್ತಿ ಉಲ್ಟಾ. ನಲ್: ಎಲ್ಲಾ ರಾಜ್ಯಗಳೂ ಸ್ಥಿರ. ಪರ್ಯಾಯ: ಕೆಲವದರಲ್ಲಿ ಯೂನಿಟ್ ರೂಟ್ ಇದೆ. ಇಲ್ಲಿ ಸಣ್ಣ ಪಿ-ಮೌಲ್ಯ ಬಂದರೆ ಸ್ಥಿರತೆಗೆ ಪೆಟ್ಟು. ಕೋಷ್ಟಕದಲ್ಲಿ ಮೇಲಿನ ಸಾಲುಗಳ ಅಭ್ಯಾಸದಲ್ಲೇ ಹದ್ರಿಯನ್ನೂ ಓದಿ ತಲೆಕೆಳಗು ಮಾಡಿಕೊಂಡವರು ಬಹಳ ಜನ.

ನಾಲ್ಕನೆಯ ಬಗೆ ಅಪರೂಪ. 1998ರಲ್ಲಿ ಟೇಲರ್ ಮತ್ತು ಸಾರ್ನೋ ಒಂದು ಪರೀಕ್ಷೆ ಕೊಟ್ಟರು. ಅದರ ನಲ್: ಕನಿಷ್ಠ ಒಂದು ಸರಣಿಯಲ್ಲಿ ಯೂನಿಟ್ ರೂಟ್ ಇದೆ. ಪರ್ಯಾಯ: ಎಲ್ಲವೂ ಸ್ಥಿರ. “ಎಲ್ಲವೂ ಸ್ಥಿರ” ಅಂತ ನಿಜವಾಗಿ ಹೇಳಬೇಕು ಅಂದರೆ ಪ್ರಶ್ನೆಯನ್ನು ಹೀಗೆ ತಿರುಗಿಸಿ ಕೇಳಬೇಕಾಗುತ್ತದೆ. ಹೆಚ್ಚಿನವರು ಬಳಸುವ ಪರೀಕ್ಷೆಗಳು ಈ ಪ್ರಶ್ನೆ ಕೇಳುವುದೇ ಇಲ್ಲ.

ಈಗ ಒಂದು ಬುಟ್ಟಿ ಮಾವಿನಹಣ್ಣು ಊಹಿಸಿಕೊಳ್ಳಿ. “ಈ ಬುಟ್ಟಿಯ ಹಣ್ಣೆಲ್ಲಾ ಹುಳಿ” ಅನ್ನುವುದು ನಲ್. ಒಂದು ಹಣ್ಣು ಸಿಹಿ ಸಿಕ್ಕಿತು. ನಲ್ ಬಿತ್ತು. ಇನ್ನುಳಿದ ಹಣ್ಣೆಲ್ಲಾ ಸಿಹಿ ಅಂತ ಆಯಿತೇ? ಇಲ್ಲ, ಅಲ್ವಾ? “ಎಲ್ಲಾ ಹುಳಿ” ಅನ್ನುವುದರ ವಿರುದ್ಧ “ಎಲ್ಲಾ ಸಿಹಿ” ಅಲ್ಲ, “ಎಲ್ಲವೂ ಹುಳಿ ಅಲ್ಲ” ಅನ್ನುವುದು. ಇಮ್-ಪೆಸರನ್-ಶಿನ್ ಹೇಳುವುದು ಇಷ್ಟೇ.

ಹಾಗಾದರೆ ಲೆವಿನ್-ಲಿನ್-ಚು? ಅದರ ಪರ್ಯಾಯದಲ್ಲಿ ‘ಎಲ್ಲಾ ಸ್ಥಿರ’ ಅಂತಲೇ ಇದೆಯಲ್ಲ? ಇಲ್ಲಿ ಸ್ವಲ್ಪ ನಿಲ್ಲಬೇಕು.

ಅನ್ನ ಬೆಂದಿದೆಯೇ ಅಂತ ನೋಡಲು ಒಂದು ಅಗುಳು ಹಿಸುಕಿದರೆ ಸಾಕು ಅನ್ನುತ್ತೇವೆ. ಅದು ಯಾಕೆ ಸಾಕು? ಒಂದೇ ಪಾತ್ರೆ, ಒಂದೇ ಅಕ್ಕಿ, ಒಂದೇ ಉರಿ. ಎಲ್ಲಾ ಅಗುಳೂ ಒಟ್ಟಿಗೇ ಬೇಯುತ್ತವೆ ಅನ್ನುವುದು ನಮಗೆ ಮೊದಲೇ ಗೊತ್ತು. ಲೆವಿನ್-ಲಿನ್-ಚು ರಾಜ್ಯಗಳನ್ನೂ ಹೀಗೇ ನೋಡುತ್ತದೆ. ಎಲ್ಲಕ್ಕೂ ರೋ ಒಂದೇ ಅಂತ ಮೊದಲೇ ಒಪ್ಪಿಕೊಳ್ಳುತ್ತದೆ. ಇದ್ದರೆ ಎಲ್ಲಾ ಯೂನಿಟ್ ರೂಟ್, ಇಲ್ಲದಿದ್ದರೆ ಎಲ್ಲಾ ಸ್ಥಿರ. ನಡುವಿನ ಮಿಶ್ರ ಲೋಕ ಅದರ ಲೆಕ್ಕದಲ್ಲೇ ಇಲ್ಲ. ಆದರೆ ನಿಜವಾದ ಡೇಟಾ ಮಿಶ್ರವಾಗಿದ್ದರೂ ಅದರ ಸಂಖ್ಯೆ ಋಣಾತ್ಮಕ ಕಡೆಗೇ ಸರಿಯುತ್ತದೆ, ನಲ್ ಬೀಳಬಹುದು. ಅಂದರೆ ‘ಎಲ್ಲಾ ಸ್ಥಿರ’ ಅನ್ನುವ ಮಾತು ಡೇಟಾ ಹೇಳಿದ್ದಲ್ಲ. ನಾವೇ ಮೊದಲು ಪಾತ್ರೆಗೆ ಹಾಕಿದ ಊಹೆ ಅದು. ಬಿಹಾರಕ್ಕೂ ಗೋವಾಕ್ಕೂ ಒಂದೇ ರೋ ಅಂತ ನೀವು ನಂಬುವುದಾದರೆ ಮಾತ್ರ ಆ ತೀರ್ಮಾನಕ್ಕೆ ಬನ್ನಿ. ನನಗಂತೂ ಅದು ನಂಬಲು ಕಷ್ಟ.

ಪಿ-ಮೌಲ್ಯವನ್ನು ಲೆಕ್ಕ ಹಾಕುವುದು ನಲ್ ನಿಜ ಅಂತ ಇಟ್ಟುಕೊಂಡು. ಪರ್ಯಾಯದ ವಾಕ್ಯ ಆ ಲೆಕ್ಕದೊಳಗೆ ಬರುವುದಿಲ್ಲ. ಹಾಗಾಗಿ ನಲ್ ಬಿದ್ದ ಕೂಡಲೇ, ಪರದೆಯ ಮೇಲೆ ಮುದ್ರಿಸಿದ ಪರ್ಯಾಯ ಅಕ್ಷರಶಃ ಸಾಬೀತಾಯಿತು ಅಂದುಕೊಳ್ಳಬೇಡಿ.

ಹೆಜ್ಜೆ 2: ಡೇಟಾ ಕಣ್ಣಿಂದ ನೋಡಿ, ಟ್ರೆಂಡ್ ನಿರ್ಧರಿಸಿ

ಪ್ರತಿ ರಾಜ್ಯದ ಗೆರೆಯನ್ನೂ ಒಂದೊಂದಾಗಿ ಬಿಡಿಸಿ ನೋಡಿ. ಭಾರತದ ರಾಜ್ಯಗಳ ಡೇಟಾದಲ್ಲಿ ಗೆರೆ ಮುರಿಯುವ ಜಾಗಗಳು ಗೊತ್ತಿರುವಂಥವೇ. 2000ದ ನವೆಂಬರಿನಲ್ಲಿ ಛತ್ತೀಸ್‌ಗಢ, ಉತ್ತರಾಖಂಡ, ಜಾರ್ಖಂಡ್ ಬೇರೆಯಾದವು. 2014ರ ಜೂನ್ 2ರಂದು ತೆಲಂಗಾಣ ಬೇರೆಯಾಯಿತು. 2004-05, 2011-12 ಎಂದು ಆಧಾರ ವರ್ಷಗಳು ಬದಲಾದವು. ಹಳೆಯ ಸರಣಿಗೆ ಹೊಸದನ್ನು ಸುಮ್ನೆ ಅಂಟಿಸಿದರೆ ಅಲ್ಲೊಂದು ಮೆಟ್ಟಿಲು ಏಳುತ್ತದೆ. ಸ್ಥಿರ ಸರಣಿಯಲ್ಲಿ ಇಂಥ ಮೆಟ್ಟಿಲು ಇದ್ದರೆ ಸಾಮಾನ್ಯ ಪರೀಕ್ಷೆ ಅದನ್ನು ಯೂನಿಟ್ ರೂಟ್ ಅಂತ ತಪ್ಪಾಗಿ ಓದುತ್ತದೆ ಎಂದು ಪೆರೋನ್ 1989ರಲ್ಲೇ ತೋರಿಸಿದ್ದರು. ಪ್ಯಾನೆಲ್‌ನಲ್ಲೂ ಈ ತೊಂದರೆ ಹೋಗುವುದಿಲ್ಲ.

ಟ್ರೆಂಡ್ ಸೇರಿಸುವುದು, ಬಿಡುವುದು ಬರೀ ಒಂದು ಟಿಕ್ ಗುರುತು ಅಲ್ಲ. ಅದು ಪ್ರಾಕ್ಕಲ್ಪನೆಯನ್ನೇ ಬದಲಿಸುತ್ತದೆ. ಸ್ಥಿರಾಂಕ ಮಾತ್ರ ಇದ್ದರೆ ಪರ್ಯಾಯದ ಅರ್ಥ ‘ಅಂತರ ಒಂದು ಮಟ್ಟಕ್ಕೆ ಮರಳುತ್ತದೆ’. ಟ್ರೆಂಡ್ ಇದ್ದರೆ ‘ಒಂದು ಓರೆ ಗೆರೆಗೆ ಮರಳುತ್ತದೆ’. ಎರಡನೆಯ ಅರ್ಥದಲ್ಲಿ ಸ್ಥಿರವಾಗಿರುವ ರಾಜ್ಯ ವರ್ಷ ವರ್ಷವೂ ದೇಶದಿಂದ ದೂರ ಸರಿಯುತ್ತಲೇ ಇರಬಹುದು! ಅದನ್ನು ‘ಆದಾಯಗಳು ಹತ್ತಿರ ಬರುತ್ತಿವೆ’ ಅಂತ ಬರೆದರೆ ಎಷ್ಟು ದೊಡ್ಡ ತಪ್ಪಾಗುತ್ತದೆ ನೋಡಿ. ದೇಶದ ಸರಾಸರಿಯಿಂದ ಭಾಗಿಸದ ತಲಾ ಆದಾಯಕ್ಕೆ ಟ್ರೆಂಡ್ ಬೇಕೇ ಬೇಕು. ಅಂತರದ ಸರಣಿಗೆ ಬೇಕೋ ಬೇಡವೋ ಅನ್ನುವುದನ್ನು ನಿಮ್ಮ ಪ್ರಶ್ನೆ ಹೇಳಬೇಕು.

ಇನ್ನೊಂದು ಸಣ್ಣ ವಿಷಯ. ಸ್ಟಾಟಾದ ಎಕ್ಸ್‌ಟಿ-ಯೂನಿಟ್‌ರೂಟ್ ಆದೇಶದಲ್ಲಿ ಲೆವಿನ್-ಲಿನ್-ಚು, ಹ್ಯಾರಿಸ್-ತ್ಸಾವಲಿಸ್, ಬ್ರೈಟುಂಗ್, ಹದ್ರಿ ನಾಲ್ಕಕ್ಕೂ ಎಲ್ಲಾ ರಾಜ್ಯಕ್ಕೂ ಅವೇ ವರ್ಷಗಳು ಬೇಕು. ಇಮ್-ಪೆಸರನ್-ಶಿನ್ ಮತ್ತು ಫಿಶರ್ ಮಾದರಿಯವು ಏರುಪೇರಾದ ಪ್ಯಾನೆಲನ್ನೂ ತೆಗೆದುಕೊಳ್ಳುತ್ತವೆ. ಒಂದು ಪರೀಕ್ಷೆಗೋಸ್ಕರ ಅರ್ಧ ರಾಜ್ಯಗಳನ್ನು ಕೈಬಿಡುವ ಮುಂಚೆ ಇದು ನೆನಪಿರಲಿ.

ಹೆಜ್ಜೆ 3: ಒಮ್ಮೆ ಕೈಯಲ್ಲೇ ಲೆಕ್ಕ ಹಾಕಿ

ಇದು ನನಗೆ ತುಂಬಾ ಇಷ್ಟದ ಹೆಜ್ಜೆ. ಕ್ಯಾಲ್ಕುಲೇಟರ್ ಇದ್ದರೆ ಸಾಕು. ಫಿಶರ್ ವಿಧಾನ ಸರಳ. ಪ್ರತಿ ರಾಜ್ಯಕ್ಕೂ ಬೇರೆ ಬೇರೆ ಯೂನಿಟ್ ರೂಟ್ ಪರೀಕ್ಷೆ ಮಾಡಿ ಪಿ-ಮೌಲ್ಯ ಪಡೆಯಿರಿ. ಪ್ರತಿಯೊಂದರ ನ್ಯಾಚುರಲ್ ಲಾಗ್ ತೆಗೆದು −2ರಿಂದ ಗುಣಿಸಿ ಎಲ್ಲವನ್ನೂ ಕೂಡಿಸಿ. ನಲ್ ನಿಜವಾಗಿದ್ದು ರಾಜ್ಯಗಳು ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದರೆ, ಈ ಮೊತ್ತ ಕೈ-ಸ್ಕ್ವೇರ್ ಹಂಚಿಕೆ ಅನುಸರಿಸುತ್ತದೆ. ಡಿಗ್ರೀಸ್ ಆಫ್ ಫ್ರೀಡಂ ರಾಜ್ಯಗಳ ಸಂಖ್ಯೆಯ ಎರಡರಷ್ಟು. 10 ರಾಜ್ಯಕ್ಕೆ 20. ಶೇ 5ರ ಗಡಿ 31.41, ಶೇ 1ರ ಗಡಿ 37.57.

ಕೆಳಗಿನ ಎರಡು ಪ್ಯಾನೆಲ್‌ಗಳ ಅಂಕಿಗಳು ಯಾವ ರಾಜ್ಯದ್ದೂ ಅಲ್ಲ. ಲೆಕ್ಕ ತೋರಿಸಲು ನಾನೇ ಇಟ್ಟುಕೊಂಡವು.

ಮೊದಲ ಪ್ಯಾನೆಲ್: 9 ರಾಜ್ಯಗಳ ಪಿ-ಮೌಲ್ಯ 0.5. ಅಂದರೆ ಸ್ಥಿರತೆಯ ಸಾಕ್ಷಿ ಏನೂ ಇಲ್ಲ. ಹತ್ತನೆಯದರ ಪಿ-ಮೌಲ್ಯ 0.00001. ಒಂಬತ್ತರಿಂದ ತಲಾ 1.386 ಬಂದು ಒಟ್ಟು 12.48. ಹತ್ತನೆಯದೊಂದರಿಂದಲೇ 23.03. ಕೂಡಿದರೆ 35.50. ಗಡಿ 31.41 ದಾಟಿತು. ಶೇ 5ರ ಮಟ್ಟದಲ್ಲಿ ನಲ್ ತಿರಸ್ಕೃತ.

ಎರಡನೆಯ ಪ್ಯಾನೆಲ್: ಹತ್ತೂ ರಾಜ್ಯಗಳ ಪಿ-ಮೌಲ್ಯ 0.15. ಒಂದೂ ಶೇ 10ರ ಮಟ್ಟದಲ್ಲೂ ಗೆಲ್ಲುವುದಿಲ್ಲ. ಆದರೆ ಪ್ರತಿಯೊಂದೂ 3.794 ಕೊಡುತ್ತದೆ. ಒಟ್ಟು 37.94. ಶೇ 1ರ ಮಟ್ಟದಲ್ಲೇ ನಲ್ ತಿರಸ್ಕೃತ.

ಎರಡೂ ಕಡೆ ಕೋಷ್ಟಕದಲ್ಲಿ ತಿರಸ್ಕಾರದ ನಕ್ಷತ್ರ ಗುರುತು ಬೀಳುತ್ತದೆ. ಒಳಗಿನ ಕಥೆ ಮಾತ್ರ ಪೂರ್ತಿ ಬೇರೆ. ಮೊದಲನೆಯದರಲ್ಲಿ ಒಂದೇ ರಾಜ್ಯ ಇಡೀ ಪ್ಯಾನೆಲನ್ನು ಹೊತ್ತು ದಾಟಿಸಿದೆ. ಎರಡನೆಯದರಲ್ಲಿ ಹತ್ತು ಜನ ಸ್ವಲ್ಪ ಸ್ವಲ್ಪ ಕೈ ಹಾಕಿದ್ದಾರೆ. ಪ್ಯಾನೆಲ್ ಪರೀಕ್ಷೆಯ ನಿಜವಾದ ಬಲ ಈ ಎರಡನೆಯದರಲ್ಲಿ ಕಾಣುತ್ತದೆ. ಒಬ್ಬೊಬ್ಬರಾಗಿ ಹೇಳಲಾಗದ್ದನ್ನು ಸೇರಿ ಹೇಳಿದ್ದಾರೆ.

ಇವೆರಡನ್ನೂ ಬೇರೆ ಮಾಡಲು ಚೋಯ್ ಅವರ ವಿಲೋಮ ನಾರ್ಮಲ್ ವಿಧಾನ ನೆರವಾಗುತ್ತದೆ. ಪ್ರತಿ ಪಿ-ಮೌಲ್ಯವನ್ನೂ ನಾರ್ಮಲ್ ಕೋಷ್ಟಕದ ಸಂಖ್ಯೆಗೆ ತಿರುಗಿಸಿ, ಕೂಡಿಸಿ, 10ರ ವರ್ಗಮೂಲದಿಂದ ಭಾಗಿಸಿ. 0.5ಕ್ಕೆ ಸಿಗುವುದು 0. 0.00001ಕ್ಕೆ −4.26. ಹಾಗಾಗಿ ಮೊದಲ ಪ್ಯಾನೆಲ್‌ಗೆ −1.35. ಶೇ 5ರ ಗಡಿ −1.645, ದಾಟಲಿಲ್ಲ. ಎರಡನೆಯದಕ್ಕೆ −3.28, ಸಲೀಸಾಗಿ ದಾಟಿತು. ಫಿಶರ್ ಮೊತ್ತ ತಿರಸ್ಕರಿಸಿ, ವಿಲೋಮ ನಾರ್ಮಲ್ ತಿರಸ್ಕರಿಸದೆ ಹೋದರೆ ಸಾಫ್ಟ್‌ವೇರ್ ಕೆಟ್ಟಿದೆ ಅಂತ ಗಾಬರಿಯಾಗಬೇಡಿ. ಯಾವುದೋ ಒಂದೆರಡು ರಾಜ್ಯಗಳೇ ಭಾರ ಹೊತ್ತಿರಬಹುದು ಅಂತ ಹುಡುಕಲು ಹೊರಡಿ.

ದಿಕ್ಕಿನ ಬಗ್ಗೆಯೂ ಎಚ್ಚರ ಇರಲಿ. ಲೆವಿನ್-ಲಿನ್-ಚು, ಇಮ್-ಪೆಸರನ್-ಶಿನ್, ವಿಲೋಮ ನಾರ್ಮಲ್ ಮೂರರಲ್ಲೂ ತಿರಸ್ಕಾರ ಎಡಗಡೆ. ಫಿಶರ್ ಮೊತ್ತ ಮತ್ತು ಹದ್ರಿಯಲ್ಲಿ ಬಲಗಡೆ. ಇಮ್-ಪೆಸರನ್-ಶಿನ್ ಸಂಖ್ಯೆ +4 ಬಂದು ಪಿ-ಮೌಲ್ಯ 1.0000 ಅಂತ ಕಂಡರೆ ಅದು ದೋಷವಲ್ಲ. ನಲ್ ವಿರುದ್ಧ ಸಾಕ್ಷಿ ಚೂರೂ ಇಲ್ಲ ಅಂತ ಅರ್ಥ.

ಹೆಜ್ಜೆ 4: ಸರಣಿಗಳು ಒಂದಕ್ಕೊಂದು ಅಂಟಿಕೊಂಡಿವೆಯೇ ನೋಡಿ

ಮೇಲಿನ ಲೆಕ್ಕದಲ್ಲಿ ‘ಒಂದಕ್ಕೊಂದು ಸಂಬಂಧವಿಲ್ಲದೆ ಇದ್ದರೆ’ ಅಂತ ಒಂದು ಷರತ್ತು ಇತ್ತು. ಅದು ಮುರಿದರೆ ಏನಾಗುತ್ತದೆ? ಹತ್ತು ಸರಣಿಯೂ ಒಂದೇ ಸರಣಿಯ ನಕಲು ಅಂತ ಇಟ್ಟುಕೊಳ್ಳಿ. ಪಿ-ಮೌಲ್ಯ ಎಲ್ಲದರದ್ದೂ 0.15. ಫಿಶರ್ ಮೊತ್ತ ಮತ್ತೆ 37.94, ಮತ್ತೆ ತಿರಸ್ಕಾರ. ಆದರೆ ನಿಜವಾದ ಸಾಕ್ಷಿ ಒಂದೇ, 0.15. ಒಬ್ಬ ಸಾಕ್ಷಿಯನ್ನೇ ಹತ್ತು ಸಲ ಕಟಕಟೆಗೆ ಹತ್ತಿಸಿದ ಹಾಗೆ. ಇಂಥ ಹತ್ತು ನಕಲುಗಳಲ್ಲಿ ಪಿ-ಮೌಲ್ಯ 0.208ಕ್ಕಿಂತ ಕಡಿಮೆ ಬಂದರೆ ಸಾಕು, ಮೊತ್ತ 31.41 ದಾಟುತ್ತದೆ. ಶೇ 5 ಅಂತ ಹೆಸರಿಟ್ಟ ಪರೀಕ್ಷೆ ನಲ್ ನಿಜವಾಗಿದ್ದಾಗಲೂ ನೂರರಲ್ಲಿ 21 ಸಲ ಅದನ್ನು ಬೀಳಿಸುತ್ತದೆ.

ಇದು ಬರೀ ಊಹೆಯ ತೊಂದರೆ ಅಲ್ಲ. ಈ ಪರೀಕ್ಷೆಗಳು ಬೆಳೆದದ್ದೇ ವಿನಿಮಯ ದರದ ಚರ್ಚೆಯ ನಡುವೆ. 1973ರಲ್ಲಿ ಪ್ರಮುಖ ಕರೆನ್ಸಿಗಳು ತೇಲಲು ಶುರುವಾದ ಮೇಲೆ, ಬೆಲೆ ಮಟ್ಟಕ್ಕೆ ಹೊಂದಿಸಿದ ನೈಜ ವಿನಿಮಯ ದರ ಒಂದು ಮಟ್ಟಕ್ಕೆ ಮರಳುತ್ತದೆಯೇ ಅನ್ನುವ ಪ್ರಶ್ನೆ ಎದ್ದಿತು. ಒಂದೊಂದೇ ದೇಶ ನೋಡಿದರೆ ಯೂನಿಟ್ ರೂಟನ್ನು ಬೀಳಿಸಲು ಆಗುತ್ತಿರಲಿಲ್ಲ. 1996ರಲ್ಲಿ ಫ್ರಾಂಕೆಲ್ ಮತ್ತು ರೋಸ್ 150 ದೇಶಗಳ 45 ವರ್ಷದ ಡೇಟಾ ಸೇರಿಸಿ ನೋಡಿದರು. ಮರಳುವಿಕೆ ಕಂಡಿತು, ಅರ್ಧ ಕರಗಲು ಸುಮಾರು 4 ವರ್ಷ. ಆಮೇಲೆ 1998ರಲ್ಲಿ ಓ’ಕಾನೆಲ್ ಒಂದು ಗಟ್ಟಿ ಆಕ್ಷೇಪ ಎತ್ತಿದರು. ಎಲ್ಲಾ ದರಗಳನ್ನೂ ಡಾಲರ್ ಎದುರು ಅಳೆದರೆ, ಡಾಲರ್‌ನ ಏರಿಳಿತ ಎಲ್ಲದರೊಳಗೂ ಕೂತಿರುತ್ತದೆ. ಆ ಅಂಟನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಪ್ಯಾನೆಲ್‌ನಿಂದ ಸಿಕ್ಕ ಸಾಕ್ಷಿ ಕರಗಿಹೋಯಿತು.

ನಮ್ಮ ರಾಜ್ಯಗಳಲ್ಲಿ ಡಾಲರ್ ಬದಲು ಮುಂಗಾರು ಇದೆ, ಕೇಂದ್ರದ ನೀತಿ ಇದೆ, 2020-21ರ ಕುಸಿತ ಇದೆ. ಹಾಗಾಗಿ ಮೊದಲು ಪೆಸರನ್ ಅವರ ಸಿಡಿ ಪರೀಕ್ಷೆ ಮಾಡಿ. ಅದರ ನಲ್ ‘ಸರಣಿಗಳ ನಡುವೆ ಸಂಬಂಧವಿಲ್ಲ’. ಅದು ಬಿದ್ದರೆ ಮೇಲಿನ ಪರೀಕ್ಷೆಗಳ ಪಿ-ಮೌಲ್ಯವನ್ನು ಹಾಗೇ ನಂಬಬೇಡಿ. ಪ್ರತಿ ವರ್ಷದ ಸರಾಸರಿಯನ್ನು ಕಳೆಯುವುದು ಒಂದು ದಾರಿ. ಆದರೆ ಹೊಡೆತ ಎಲ್ಲಾ ರಾಜ್ಯಕ್ಕೂ ಒಂದೇ ಪ್ರಮಾಣದಲ್ಲಿ ತಟ್ಟಿದ್ದರೆ ಮಾತ್ರ ಅದು ಪೂರ್ತಿ ಕೆಲಸ ಮಾಡುತ್ತದೆ. ಮಳೆ ಕೈಕೊಟ್ಟರೆ ಎಲ್ಲಾ ರಾಜ್ಯಕ್ಕೂ ಒಂದೇ ಪೆಟ್ಟು ಬೀಳುವುದಿಲ್ಲವಲ್ಲ. 2007ರಲ್ಲಿ ಪೆಸರನ್ ಕೊಟ್ಟ ಸಿಪ್ಸ್ ಪರೀಕ್ಷೆ ಇದಕ್ಕಾಗಿಯೇ ಇದೆ. ಅದು ಪ್ರತಿ ರಾಜ್ಯದ ಸಮೀಕರಣಕ್ಕೂ ಎಲ್ಲಾ ರಾಜ್ಯಗಳ ಸರಾಸರಿಯನ್ನು ಸೇರಿಸುತ್ತದೆ, ಪ್ರತಿ ರಾಜ್ಯವೂ ತನ್ನ ಪ್ರಮಾಣದಲ್ಲಿ ಪೆಟ್ಟು ತಿನ್ನಲು ಬಿಡುತ್ತದೆ. ಅದರ ನಲ್ ಮತ್ತು ಪರ್ಯಾಯ ಇಮ್-ಪೆಸರನ್-ಶಿನ್‌ನ ಹಾಗೆಯೇ. ಅಂದರೆ ಅಲ್ಲೂ ‘ಕೆಲವು’ ಅಷ್ಟೇ.

ಬಾಯ್ ಮತ್ತು ಎಂಗ್ 2004ರಲ್ಲಿ ಇನ್ನೊಂದು ದಾರಿ ಕೊಟ್ಟರು. ಎಲ್ಲಕ್ಕೂ ಸಾಮಾನ್ಯವಾದ ಭಾಗವನ್ನು ಬೇರೆ, ಪ್ರತಿ ರಾಜ್ಯದ ಸ್ವಂತ ಭಾಗವನ್ನು ಬೇರೆ ಪರೀಕ್ಷಿಸುತ್ತಾರೆ. ರಾಜ್ಯದ ಸ್ವಂತ ಭಾಗ ಸ್ಥಿರವಾಗಿದ್ದರೂ, ಅದು ಹೊತ್ತಿರುವ ಸಾಮಾನ್ಯ ಭಾಗದಲ್ಲಿ ಯೂನಿಟ್ ರೂಟ್ ಇದ್ದರೆ ಆ ಸರಣಿ ಸ್ಥಿರವಲ್ಲ. ಇಲ್ಲಿ ಎರಡು ನಲ್‌ಗಳಿವೆ ಅನ್ನುವುದು ಗಮನದಲ್ಲಿರಲಿ.

ಹೆಜ್ಜೆ 5: ಹದ್ರಿಯನ್ನು ಪಕ್ಕದಲ್ಲಿಟ್ಟು ಓದಿ

“ಸರ್, ಇಮ್-ಪೆಸರನ್-ಶಿನ್ ಯೂನಿಟ್ ರೂಟ್ ಇಲ್ಲ ಅನ್ನುತ್ತಿದೆ, ಹದ್ರಿ ಇದೆ ಅನ್ನುತ್ತಿದೆ. ಯಾವುದನ್ನು ಬಿಡಲಿ?” ಈ ಪ್ರಶ್ನೆ ನನಗೆ ಬಹಳ ಸಲ ಬಂದಿದೆ. ಯಾವುದನ್ನೂ ಬಿಡಬೇಡಿ. ಎರಡೂ ಒಟ್ಟಿಗೆ ನಿಜವಾಗಬಹುದು.

ಎರಡೂ ನಲ್ ಬಿದ್ದವು ಅಂದರೆ ಒಂದು ಪರೀಕ್ಷೆ ‘ಎಲ್ಲದರಲ್ಲೂ ಯೂನಿಟ್ ರೂಟ್ ಇದೆ ಅನ್ನುವುದು ನಿಜವಲ್ಲ, ಕೆಲವು ಸ್ಥಿರ’ ಅಂತ ಹೇಳಿತು. ಇನ್ನೊಂದು ‘ಎಲ್ಲವೂ ಸ್ಥಿರ ಅನ್ನುವುದು ನಿಜವಲ್ಲ, ಕೆಲವದರಲ್ಲಿ ಯೂನಿಟ್ ರೂಟ್ ಇದೆ’ ಅಂತ ಹೇಳಿತು. ಬುಟ್ಟಿಯಲ್ಲಿ ಸಿಹಿ ಹಣ್ಣೂ ಇದೆ, ಹುಳಿ ಹಣ್ಣೂ ಇದೆ. ಇದರಲ್ಲಿ ಜಗಳ ಎಲ್ಲಿದೆ? ರಾಜ್ಯಗಳ ಪ್ಯಾನೆಲ್‌ನಲ್ಲಿ ಇದೇ ಸಹಜವಾದ ಫಲಿತಾಂಶ ಅಂತ ನನ್ನ ಅಭಿಪ್ರಾಯ.

ಇಮ್-ಪೆಸರನ್-ಶಿನ್ ನಲ್ ಬಿದ್ದು ಹದ್ರಿ ನಲ್ ಉಳಿದರೆ ಸ್ಥಿರತೆಯ ಕಡೆ ವಾಲಬಹುದು. ತಿರುಗಾ ಮುರುಗಾ ಆದರೆ ಯೂನಿಟ್ ರೂಟ್ ಕಡೆ. ಎರಡೂ ನಲ್ ಉಳಿದರೆ ಡೇಟಾ ಏನೂ ಹೇಳಲಿಲ್ಲ ಅಂತ ಬರೆಯಿರಿ. ನಲ್ ಬೀಳಲಿಲ್ಲ ಅಂದರೆ ನಲ್ ನಿಜ ಅಂತ ಅಲ್ಲ.

ಹದ್ರಿ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಸರಣಿ ಸ್ಥಿರವಾಗಿದ್ದರೂ ನಿಧಾನವಾಗಿ ಮರಳುವಂಥದ್ದಾದರೆ, ಈ ಪರೀಕ್ಷೆ ತನ್ನ ನಲ್ಲನ್ನು ಬೀಳಿಸಬೇಕಾದ್ದಕ್ಕಿಂತ ಬಹಳ ಜಾಸ್ತಿ ಸಲ ಬೀಳಿಸುತ್ತದೆ. ರೋ 0.9ರ ಸುತ್ತ ಇರುವ ಸರಣಿಗಳಲ್ಲಿ ಹದ್ರಿಯ ತಿರಸ್ಕಾರ ಒಂದನ್ನೇ ನಂಬಿ ಮನೆ ಕಟ್ಟಬೇಡಿ.

ಹೆಜ್ಜೆ 6: ‘ಕೆಲವು’ ಅಂದರೆ ಯಾವುವು?

2012ರಲ್ಲಿ ಪೆಸರನ್ ಈ ವಿಷಯದ ಮೇಲೆಯೇ ಒಂದು ಪುಟ್ಟ ಲೇಖನ ಬರೆದರು. ನಲ್ ಬಿದ್ದರೆ, ಗಣನೀಯ ಪಾಲು ಸರಣಿಗಳು ಸ್ಥಿರ ಅನ್ನುವುದಕ್ಕೆ ಸಾಕ್ಷಿ ಅಂತ ಓದಬೇಕು, ಅಷ್ಟು ಮಾತ್ರ. ಆ ಪಾಲು ಎಷ್ಟು, ಯಾವುವು ಅಂತ ತಿಳಿಯಲು ಬೇರೆ ಕೆಲಸ ಬೇಕು.

ಒಂದು ದಾರಿ ಪ್ರತಿ ರಾಜ್ಯದ ಪಿ-ಮೌಲ್ಯ ನೋಡುವುದು. ಆದರೆ 10 ರಾಜ್ಯಕ್ಕೂ ಶೇ 5ರ ಗಡಿಯನ್ನೇ ಇಟ್ಟರೆ, ಎಲ್ಲದರಲ್ಲೂ ಯೂನಿಟ್ ರೂಟ್ ಇದ್ದರೂ ಒಂದಾದರೂ ತಪ್ಪಾಗಿ ಗೆಲ್ಲುವ ಸಾಧ್ಯತೆ ಸುಮಾರು ಶೇ 40. ಬಾನ್‌ಫೆರೋನಿ ರೀತಿಯಲ್ಲಿ ಗಡಿಯನ್ನು 10ರಿಂದ ಭಾಗಿಸಿ 0.005 ಮಾಡಿ. ನಮ್ಮ ಮೊದಲ ಪ್ಯಾನೆಲ್‌ನಲ್ಲಿ 0.00001 ಇದ್ದ ರಾಜ್ಯ ಗೆಲ್ಲುತ್ತದೆ, ಅದರ ಹೆಸರು ಹೇಳಬಹುದು. ಎರಡನೆಯದರಲ್ಲಿ ಯಾರೂ ಗೆಲ್ಲುವುದಿಲ್ಲ. ‘ಕೆಲವು ಸ್ಥಿರ, ಆದರೆ ಯಾವುವು ಅಂತ ಹೇಳಲಾಗದು’ ಅನ್ನುವುದೇ ಅಲ್ಲಿ ಪ್ರಾಮಾಣಿಕ ಉತ್ತರ. ಹಾಗೆ ಬರೆಯಲು ಹಿಂಜರಿಯಬೇಡಿ.

ಇನ್ನೊಂದು ದಾರಿ 2009ರಲ್ಲಿ ಖೋರ್ಟಾರಿಯಾಸ್ ಮತ್ತು ಕಪೆಟಾನಿಯೋಸ್ ತೋರಿಸಿದ್ದು. ಪ್ಯಾನೆಲ್ ಪರೀಕ್ಷೆ ಮಾಡಿ. ನಲ್ ಬಿದ್ದರೆ ಅತಿ ಹೆಚ್ಚು ಋಣಾತ್ಮಕ ಸಂಖ್ಯೆ ಬಂದ ಸರಣಿಯನ್ನು ಸ್ಥಿರ ಅಂತ ಗುರುತಿಸಿ ಹೊರಗಿಡಿ. ಉಳಿದವುಗಳ ಮೇಲೆ ಮತ್ತೆ ಪರೀಕ್ಷೆ. ನಲ್ ಬೀಳದೆ ನಿಂತ ಕಡೆ ನಿಲ್ಲಿಸಿ. ಸಿಹಿ ಹಣ್ಣನ್ನು ಒಂದೊಂದಾಗಿ ಆರಿಸಿ ತೆಗೆದ ಹಾಗೆ.

ಹೆಜ್ಜೆ 7: ವಾಕ್ಯ ಬರೆಯುವುದು, ಮತ್ತು ಮುಂದಿನ ಅಧ್ಯಾಯಕ್ಕೆ ಹೋಗುವುದು

ಬರೆಯಬಾರದ್ದು: “ಪರೀಕ್ಷೆಯ ಪ್ರಕಾರ ಪ್ಯಾನೆಲ್ ಸ್ಥಿರವಾಗಿದೆ.” ಪ್ಯಾನೆಲ್ ಅನ್ನುವುದು ಸ್ಥಿರವಾಗುವ ಒಂದು ವಸ್ತುವಲ್ಲ. ಅದರೊಳಗಿನ ಸರಣಿಗಳು ಸ್ಥಿರ ಅಥವಾ ಅಲ್ಲ.

ಬರೆಯಬಹುದಾದದ್ದು: “ಎಲ್ಲಾ ರಾಜ್ಯಗಳಲ್ಲೂ ಯೂನಿಟ್ ರೂಟ್ ಇದೆ ಅನ್ನುವ ಶೂನ್ಯ ಪ್ರಾಕ್ಕಲ್ಪನೆ ಸಿಪ್ಸ್ ಪರೀಕ್ಷೆಯಲ್ಲಿ ಶೇ 5ರ ಮಟ್ಟದಲ್ಲಿ ತಿರಸ್ಕೃತವಾಗಿದೆ. ಗಣನೀಯ ಪಾಲು ರಾಜ್ಯಗಳಲ್ಲಿ ಅಂತರ ಒಂದು ಮಟ್ಟಕ್ಕೆ ಮರಳುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ಎಲ್ಲಾ ರಾಜ್ಯಗಳೂ ಹಾಗಿವೆ ಅಂತ ಇದರಿಂದ ಹೇಳಲಾಗದು.” ಕೋಷ್ಟಕದ ಕೆಳಗೆ ಪ್ರತಿ ಪರೀಕ್ಷೆಯ ನಲ್ ಬರೆಯಿರಿ. ಟ್ರೆಂಡ್ ಇತ್ತೋ ಇಲ್ಲವೋ, ಎಷ್ಟು ಲ್ಯಾಗ್ (ಸಮೀಕರಣದಲ್ಲಿ ಸೇರಿಸಿದ ಹಿಂದಿನ ವರ್ಷಗಳ ಸಂಖ್ಯೆ), ಸರಾಸರಿ ಕಳೆದಿದ್ದೀರೋ ಇಲ್ಲವೋ, ಅದೂ ಇರಲಿ.

ಕೊನೆಗೆ, ಹೆಚ್ಚಿನವರು ಈ ಪರೀಕ್ಷೆ ಮಾಡುವುದು ಕೋಇಂಟಿಗ್ರೇಷನ್ (ಯೂನಿಟ್ ರೂಟ್ ಇರುವ ಸರಣಿಗಳು ದೀರ್ಘಾವಧಿಯಲ್ಲಿ ಒಟ್ಟಿಗೆ ಸಾಗುತ್ತವೆಯೇ ಅಂತ ನೋಡುವುದು) ಅಥವಾ ಅಂಥ ದೀರ್ಘಾವಧಿ ಸಂಬಂಧವನ್ನು ಅಳೆಯುವ ಪ್ಯಾನೆಲ್ ಎಆರ್‌ಡಿಎಲ್ ಕಡೆ ಹೋಗಲು. ಪೆಡ್ರೋನಿಯಂಥ ಕೋಇಂಟಿಗ್ರೇಷನ್ ಪರೀಕ್ಷೆಗೆ ಸರಣಿಗಳಲ್ಲಿ ಯೂನಿಟ್ ರೂಟ್ ಇರಬೇಕು. ಮಿಶ್ರ ಬುಟ್ಟಿ ಅಂತ ಗೊತ್ತಾದ ಮೇಲೆ ಅಲ್ಲಿಗೆ ಸೀದಾ ಹೋಗುವುದು ಸರಿಯಲ್ಲ. ಪೆಸರನ್, ಶಿನ್ ಮತ್ತು ಸ್ಮಿತ್ 1999ರಲ್ಲಿ ಕೊಟ್ಟ ಪೂಲ್ಡ್ ಮೀನ್ ಗ್ರೂಪ್ ಅನ್ನುವ ಪ್ಯಾನೆಲ್ ಎಆರ್‌ಡಿಎಲ್ ವಿಧಾನ ಮಿಶ್ರವನ್ನು ಸಹಿಸುತ್ತದೆ. ಆದರೆ ಎರಡು ಸಲ ವ್ಯತ್ಯಾಸ (ಈ ವರ್ಷದ ಮೌಲ್ಯದಿಂದ ಹೋದ ವರ್ಷದ್ದನ್ನು ಕಳೆಯುವುದು) ತೆಗೆದರೆ ಮಾತ್ರ ಸ್ಥಿರವಾಗುವ ಸರಣಿ ಅದಕ್ಕೂ ಆಗದು.

ಅದಕ್ಕೆ ಎಲ್ಲರೂ ಮೊದಲ ವ್ಯತ್ಯಾಸ ತೆಗೆದು ಮತ್ತೆ ಇಮ್-ಪೆಸರನ್-ಶಿನ್ ಮಾಡುತ್ತಾರೆ. ನಲ್ ಬೀಳುತ್ತದೆ. “ಎಲ್ಲಾ ಸರಣಿಯೂ ಮೊದಲ ವ್ಯತ್ಯಾಸದಲ್ಲಿ ಸ್ಥಿರ” ಅಂತ ಬರೆದು ಮುಂದೆ ಹೋಗುತ್ತಾರೆ. ಅದೇ ‘ಎಲ್ಲಾ’ ಮತ್ತೆ ಬಂತು ನೋಡಿ. ವ್ಯತ್ಯಾಸದ ಮೇಲೆ ಮಾಡಿದ ಪರೀಕ್ಷೆಯ ನಲ್ಲೂ ‘ಎಲ್ಲದರಲ್ಲೂ ಯೂನಿಟ್ ರೂಟ್’ ಅನ್ನುವುದೇ. ಅದು ಬಿದ್ದರೆ ಕೆಲವಾದರೂ ಸ್ಥಿರ ಅಂತ ಮಾತ್ರ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ಒಂದೊಂದು ರಾಜ್ಯದ ಫಲಿತಾಂಶವನ್ನೂ ತೆರೆದು ನೋಡಿ. ವ್ಯತ್ಯಾಸ ತೆಗೆದ ಮೇಲೂ ನಲ್ ಬೀಳದ ರಾಜ್ಯ ಸಿಕ್ಕರೆ ಅದರ ಗೆರೆಯನ್ನು ಮತ್ತೊಮ್ಮೆ ಬಿಡಿಸಿ. ಆಧಾರ ವರ್ಷ ಬದಲಾದ ಜಾಗದಲ್ಲೋ ರಾಜ್ಯ ಒಡೆದ ವರ್ಷದಲ್ಲೋ ಜೋಡಣೆ ತಪ್ಪಿದೆಯೇ ಅಂತ ಮೊದಲು ಅಲ್ಲಿ ಹುಡುಕಿ.